ಊರಿನ ಅತಿ ದುರ್ಬಲ ಸ್ಟೇಷನ್

ಕರೆಂಟು ತೆಗೆಯುವ ಕಳ್ಳ ಮೌನಿಯೇ ಎಂಬುದರಲ್ಲಿ ಇಂಜಿನಿಯರಿಗೆ ಅನುಮಾನ ಉಳಿದಿರಲಿಲ್ಲ. ಸಾಕ್ಷಿ ಸಿಗಬೇಕಿತ್ತು, ಅಷ್ಟೇ.

ಅದಕ್ಕೇ ಬೆಳಿಗ್ಗೆ ಆಫೀಸಿಗೂ ಹೋಗದೆ ನೇರವಾಗಿ ಊರಂಚಿನ ಆ ವಿದ್ಯುತ್ ಸ್ಟೇಷನ್ನಿಗೆ ಬಂದು, ಕಂಟ್ರೋಲ್ ರೂಮಿನಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದ. ಎದುರಿಗೆ ಗೋಡೆ ತುಂಬ ಸ್ವಿಚ್ಚುಗಳು, ಅವುಗಳ ಮುಂದೆ ಆಪರೇಟರ್. ಮಾತು ಕಡಿಮೆಯಾದ್ದರಿಂದ ಅವನಿಗೆ ಎಲ್ಲರೂ ಇಟ್ಟ ಹೆಸರು ಮೌನಿ. ಇಂಜಿನಿಯರ್ ಅವನ ಕೈಗಳ ಮೇಲಿಂದ ಕಣ್ಣು ಕೀಳಲಿಲ್ಲ.

ಮೌನಿಗೆ ಕಸಿವಿಸಿ. “ಟೀ ತರಿಸ್ಲಾ ಸಾರ್?”

“ಟೀ ಬೇಡ. ಹೋದ ತಿಂಗಳು ಕರೆಂಟು ಯಾಕೆ ಹೋಯ್ತು, ಅದನ್ನ ಹೇಳ್ರೀ.”

“ಯಾಕೆ ಅಂತ ನಿಮಗೆ ಗೊತ್ತಿಲ್ವಾ ಸಾರ್?”

“ಕೇಳಿದ್ದು ನಿಮ್ಮನ್ನ.”

“ನನ್ನ ಬಾಯಿಂದ ಯಾಕೆ ಹೇಳಿಸ್ತೀರ, ಬಿಡಿ,” ಎಂದು ಮೌನಿ ತಲೆ ತಗ್ಗಿಸಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ಇದಕ್ಕೇ. ಇಂಜಿನಿಯರ್ ಹಲ್ಲು ಕಡಿದ.

ನಗರದ ಇಡೀ ವಿದ್ಯುತ್ ಜಾಲ ಅವನ ಕಂಪ್ಯೂಟರಿನೊಳಗಿತ್ತು. ಪ್ರತಿ ಗೋಪುರ, ಪ್ರತಿ ತಂತಿ, ಪ್ರತಿ ಟ್ರಾನ್ಸ್‌ಫಾರ್ಮರ್. ಯಾವುದು ಎಷ್ಟು ಸಲ ಕೈಕೊಟ್ಟಿದೆ ಎಂಬ ಅಂಕಿಗಳನ್ನು ಉಣಿಸಿದರೆ, ಮುಂದೆ ಕೈಕೊಡುವುದು ಯಾವುದೆಂದು ಅದು ಹೇಳಬೇಕು. ಅಂಕಿ ಎಂದರೆ ಎರಡೇ: ಕರೆಂಟು ಹೋದದ್ದು ಯಾವಾಗ, ಬಂದದ್ದು ಯಾವಾಗ. ಮೊದಲು ‘ಕಾರಣ’ ಎಂದೂ ಒಂದು ಸಾಲಿತ್ತು. “ಕಾರಣ ಕೇಳಿದ್ರೆ ಕತೆ ಕಟ್ತಾರೆ. ನನಗೆ ಲೆಕ್ಕ ಸಾಕು,” ಎಂದು ಅದನ್ನು ತೆಗೆಸಿಹಾಕಿದ್ದ.

ಲೆಕ್ಕ ಮಾತ್ರ ಅವನ ಪ್ರಾಣ ಹಿಂಡುತ್ತಿತ್ತು. ಯಾವ ದಿಕ್ಕಿನಿಂದ ಕೂಡಿದರೂ ಅತಿ ದುರ್ಬಲವೆಂದು ಬರುತ್ತಿದ್ದುದು ಇದೊಂದೇ ಸ್ಟೇಷನ್. ಇಲ್ಲಿಯ ಯಂತ್ರಗಳೋ, ಇನ್ನೂ ಬಣ್ಣ ಮಾಸದ ಹೊಸವು. ದುರ್ಬಲವೆಂದು ಬಂದ ಕಡೆಗೆ ತಪಾಸಣೆಯ ತಂಡ ಯಾರ ಮರ್ಜಿಗೂ ಕಾಯದೆ ಹೊರಡಬೇಕೆಂಬ ಏರ್ಪಾಡೂ ಅವನದೇ. ತಂಡ ಪ್ರತಿ ಸಲ ತರುತ್ತಿದ್ದ ಉತ್ತರ ಒಂದೇ: ಎಲ್ಲ ಸರಿಯಿದೆ. “ನಿಮ್ಮ ಕಂಪ್ಯೂಟರಿಗೇ ಜ್ವರ ಬಂದಿರ್ಬೇಕು, ಹಣೆ ಮುಟ್ಟಿ ನೋಡ್ರೀ,” ಎಂದು ದೊಡ್ಡ ಸಾಹೇಬರು ತುಂಬಿದ ಸಭೆಯಲ್ಲಿ ನಕ್ಕಿದ್ದರು. ಯಂತ್ರ ಸರಿಯಿದ್ದೂ ಕರೆಂಟು ಹೋಗುತ್ತದೆ ಎಂದರೆ, ತೆಗೆಯುವ ಕೈಯೊಂದು ಇರಲೇಬೇಕು.

ನಗೆಪಾಟಲಾದದ್ದನ್ನಾದರೂ ನುಂಗಿಕೊಳ್ಳಬಹುದಿತ್ತು. ಅಕ್ಕನ ವಿಷಯ ಹಾಗಲ್ಲ.

ಅವನನ್ನು ಸಾಕಿ, ಓದಿಸಿ, ಮನುಷ್ಯನನ್ನಾಗಿ ಮಾಡಿದ ಅಕ್ಕನ ಮನೆಗೆ ಬರುವುದು ಇದೇ ಸ್ಟೇಷನ್ನಿನ ಕರೆಂಟು. ಮನೆಯ ಹಿಂದಿನ ಕೋಣೆಯಲ್ಲಿ ಆಕೆ ಕರೆಂಟಿನ ಪೆಟ್ಟಿಗೆಯಲ್ಲಿ ಮೊಟ್ಟೆಗಳಿಗೆ ಕಾವು ಕೊಟ್ಟು, ಕೋಳಿಮರಿ ಮಾಡಿಸಿ ಮಾರುತ್ತಿದ್ದಳು. ಬೆಳಿಗ್ಗೆ ಹೋದ ಕರೆಂಟು ಸಂಜೆಗೆ ಬಂದರೆ ಒಳಗಿನ ಜೀವ ಅಲ್ಲೇ ತಣ್ಣಗಾಗುತ್ತದೆ. ಹಾಗೆ ಒಂದರ ಹಿಂದೊಂದು ಮೂರು ಸಲ ಇಟ್ಟ ಮೊಟ್ಟೆಗಳನ್ನು ಬುಟ್ಟಿಗಟ್ಟಲೆ ಗುಂಡಿಗೆ ಸುರಿದಿದ್ದಳು. ಜನರೇಟರ್ ಇಟ್ಟುಕೋ ಎಂದರೆ, “ಊರಿಗೆಲ್ಲ ಬೆಳಕು ಕೊಡೋ ತಮ್ಮನಿದ್ದಾನೆ, ನನಗ್ಯಾಕೋ ಅದು?” ಎನ್ನುತ್ತಿದ್ದವಳು, ಮೂರನೆಯ ಸಲ ನಗಲಿಲ್ಲ. “ಇನ್ನೊಂದು ಸಲ ಹೀಗಾದ್ರೆ ಪೆಟ್ಟಿಗೆ ಮಾರಿ ಸುಮ್ಮನಾಗ್ತೀನಿ. ಆ ಗುಂಡಿ ಹತ್ರ ನಿಲ್ಲೋಕೆ ಆಗಲ್ಲ ಕಣೋ,” ಎಂದಿದ್ದಳು. ಕರೆಂಟು ತೆಗೆಯುವವನನ್ನು ಹಿಡಿದೇ ತೀರುತ್ತೇನೆಂದು ಇವನು ಮಾತು ಕೊಟ್ಟಿದ್ದ.

ಇವತ್ತು ಮರಿ ಹೊರಬರುವ ದಿನ.

ಹೊರಗೆ ವ್ಯಾನು ನಿಂತ ಸದ್ದಾಯಿತು. ಹಳದಿ ಹೆಲ್ಮೆಟ್ಟಿನ ಮೂವರು ಒಳಗೆ ಬಂದರು. ತಪಾಸಣೆಯ ತಂಡ. ಇಂಜಿನಿಯರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಮೌನಿಯನ್ನು ಹಿಡಿಯುವ ಹೊತ್ತಿಗೆ ಸಾಕ್ಷಿಗಳು ತಾವಾಗಿಯೇ ನಡೆದು ಬಂದಿದ್ದರು.

“ಸರಿಯಾದ ಹೊತ್ತಿಗೆ ಬಂದ್ರಿ. ನಿಮ್ಮ ಕೆಲಸ ನೀವು ಮಾಡಿ, ಈ ಮನುಷ್ಯನ ಮೇಲೆ ಒಂದು ಕಣ್ಣಿಟ್ಟಿರಿ,” ಎಂದ. ತಂಡದ ಮುಖ್ಯಸ್ಥ ಅರ್ಥವಾಗದೆ ತಲೆಯಾಡಿಸಿದ.

ಅಷ್ಟರಲ್ಲಿ ಅಕ್ಕನ ಫೋನು. ಇಂಜಿನಿಯರ್ ಬಾಗಿಲಾಚೆ ಬಂದ.

“ಚಿಪ್ಪು ಒಡೀತಿವೆ ಕಣೋ! ಒಂದರ ಕೊಕ್ಕು ಆಗ್ಲೇ ಹೊರಗೆ ಬಂದಿದೆ.” ಎಷ್ಟೋ ದಿನಗಳ ಮೇಲೆ ಅಕ್ಕನ ದನಿಯಲ್ಲಿ ನಗು ಇತ್ತು.

“ಹೆದರಬೇಡ ಅಕ್ಕ. ಇವತ್ತು ನಾನೇ ಇಲ್ಲಿ ಕಾವಲಿದ್ದೀನಿ. ಯಾರು ಮುಟ್ತಾರೋ ನೋಡ್ತೀನಿ.”

ಅಂಗಳದ ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ ಥಟ್ಟನೆ ನಿಂತಿತು. ಫೋನಿನಲ್ಲಿ ಅಕ್ಕ ಚೀರಿದಳು.

ಅವನು ಒಳಗೆ ನುಗ್ಗಿ ಮೌನಿಯ ಕಾಲರಿಗೆ ಕೈ ಹಾಕಿದ. “ಸಿಕ್ಕಿಬಿದ್ದೆಯಲ್ಲೋ! ನಾನಿದ್ದಾಗಲೇ ತೆಗೀತೀಯಾ?”

ಮೌನಿಯ ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡಿದ್ದವು. ಸ್ವಿಚ್ಚಿನ ಮೇಲಿದ್ದುದು ತಂಡದ ಮುಖ್ಯಸ್ಥನ ಕೈ.

“ತೆಗೆದದ್ದು ನಾವು ಸಾರ್,” ಎಂದ ಅವನು ಗಾಬರಿಯಾಗಿ. “ದುರ್ಬಲ ಅಂತ ಬಂದ ಕಡೆಗೆ ಹೋಗಿ ಒಳಗೆಲ್ಲ ಬಿಚ್ಚಿ ಪರೀಕ್ಷೆ ಮಾಡಿ ಅಂತ ನಿಮ್ದೇ ಅಪ್ಪಣೆ ಅಲ್ವಾ? ಸಂಜೆ ತನಕ ಆಫ್ ಮಾಡದೆ ಬಿಚ್ಚೋದು ಹೇಗೆ?”

ಇಂಜಿನಿಯರ್ ಮುಖ್ಯಸ್ಥನತ್ತ ತಿರುಗಿದ. “ಹೋದ ತಿಂಗಳು?”

“ಆಗಲೂ ನಾವೇ ಸಾರ್. ಹೋದ ಹೊತ್ತು, ಬಂದ ಹೊತ್ತು ನಿಮ್ಮ ಕಂಪ್ಯೂಟರಿಗೂ ಹೋಗಿದೆಯಲ್ಲ.”

“ಅದಕ್ಕೂ ಹಿಂದೆ?”

ಮುಖ್ಯಸ್ಥ ಮೌನಿಯ ಮುಖ ನೋಡಿದ. ಇಂಜಿನಿಯರ್ ಕೈಯಲ್ಲಿದ್ದ ಫೋನಿನಿಂದ ಅಕ್ಕನ ಅಳು ಬೆರೆತ ದನಿ ಎಲ್ಲರಿಗೂ ಕೇಳಿಸಿತು: “ತೆಗೆದವನು ಸಿಕ್ಕಿದ್ನೇನೋ? ಯಾರೋ ಅವನು?”

“ಮೊದಲನೇ ಸಲ ತಂತಿಗೆ ಸಿಕ್ಕ ಅಳಿಲು ಸಾರ್,” ಎಂದ ಮೌನಿ, ಮೆಲ್ಲಗೆ ಕಾಲರು ಬಿಡಿಸಿಕೊಳ್ಳುತ್ತ. “ಆಮೇಲಿಂದ ಪ್ರತಿ ಸಲಾನೂ ನೀವೇ.”