ಫೋಟೋ ಹಿಂದಿನ ವೈರು

ನಡುರಾತ್ರಿ ಅತ್ತೆಯ ಫೋಟೋ ಹಿಂದಿನ ಗೋಡೆಯೊಳಗೆ ‘ಚಿಟ್’ ಎಂದು ಸದ್ದಾಯಿತು. ಸೊಸೆಗೆ ಗೊತ್ತಾಗಿಹೋಯಿತು. ವರ್ಷದ ತಿಥಿಗೆಂದು ಫೋಟೋ ನೇತುಹಾಕಲು ಹಗಲು ತಾನೇ ಡ್ರಿಲ್ ಹಿಡಿದು ಕೂರಿಸಿದ ಸ್ಕ್ರೂ ಒಳಗಿನ ವೈರಿಗೆ ತಗುಲಿದೆ.

ಬೆಳಿಗ್ಗೆ ಸ್ಟೀಲ್ ಫ್ರೇಮಿಗೆ ಹೂ ಮುಡಿಸಲು ಹೋದ ಗಂಡ ಶಾಕ್ ಹೊಡೆದು ಹಿಂದಕ್ಕೆ ಹಾರಿದ.

“ಅಮ್ಮ ಮುಟ್ಟಿಸಿಕೊಳ್ತಿಲ್ಲ ಕಣೇ! ಮನೆ ಮಾರ್ತೀನಿ ಅಂತ ಸಿಟ್ಟು. ಬೇಡ, ಮಾರೋದೇ ಬೇಡ.”

ಮನೆ ಮಾರಬೇಡಿ ಎಂದು ಆರು ತಿಂಗಳಿಂದ ಗೋಗರೆಯುತ್ತಿದ್ದ ಅವಳು ಸ್ಕ್ರೂ ವಿಷಯ ಬಾಯಿ ಬಿಡಲಿಲ್ಲ. ಆದರೆ ಗಂಡನ ಜೀವಕ್ಕೇ ಕುತ್ತು ಬಂದೀತೆಂದು ಹೆದರಿ, ಅವನು ಆಫೀಸಿಗೆ ಹೊರಟ ಮೇಲೆ ಎಲೆಕ್ಟ್ರಿಷಿಯನ್ನನ್ನು ಕರೆಸಿದಳು.

ಬಂದಾತ ಫೋಟೋ ಇಳಿಸಿ, ಸ್ಕ್ರೂ ಸುತ್ತಲಿನ ಗಾರೆ ಕೆದಕಿ, ಟೆಸ್ಟರ್ ಇಟ್ಟು ನೋಡಿ ನಕ್ಕ.

“ವೈರಿಗೇ ಗುರಿಯಿಟ್ಟು ಹೊಡ್ದಿದೀರಲ್ಲ ಅಕ್ಕಾ! ಆದ್ರೆ ಹೆದರ್ಬೇಡಿ. ಇದು ಹಳೇ ಲೈನು. ಎರಡೂ ಕಡೆ ಕಟ್ ಮಾಡಿ ಎಷ್ಟೋ ವರ್ಷ ಆಗಿದೆ. ಇದ್ರಲ್ಲಿ ಕರೆಂಟೇ ಬರಲ್ಲ.”

ಇದನ್ನೂ ಯಾರಿಗೂ ಹೇಳುವುದಿಲ್ಲವೆಂದು ಅತ್ತೆಗೆ ಮನಸ್ಸಿನಲ್ಲೇ ಮಾತು ಕೊಟ್ಟು, ಅವಳು ಫೋಟೋಗೆ ಬೆನ್ನು ತೋರಿಸದೆ ಹಿಂದಹಿಂದಕ್ಕೆ ನಡೆದಳು.