ಅಪ್ಪ ಮಾಡಿದ ಟೂಲ್ ಹೋಲ್ಡರ್

ಆ ಮಧ್ಯಾಹ್ನ ಲೇತ್ ನಡೆಸುತ್ತಿದ್ದ ಅಪ್ಪನಿಗೆ ನಾನು ಬುತ್ತಿ ಒಯ್ದಾಗ ರಾಯಚೂರಿನ ವರ್ಕ್‌ಶಾಪಿನಲ್ಲಿ ಎಣ್ಣೆ ಸುಟ್ಟ ವಾಸನೆ ತುಂಬಿತ್ತು. ಈಗಲೂ ಯಾವುದಾದರೂ ಲೇತ್ ಅಂಗಡಿಯ ಮುಂದೆ ಹಾದರೆ ಆ ವಾಸನೆಗೆ ನನ್ನ ಕಾಲು ನಿಲ್ಲುತ್ತದೆ.

ಅಪ್ಪನ ಕೈ ನಡುಗತೊಡಗಿತ್ತು. ಶಾಫ್ಟಿಗೆ ನಟ್ಟು ಕೂರುವ ತಿರುಪಿನ ಗೆರೆ, ಅಂದರೆ ಥ್ರೆಡ್, ಕೊರೆಯುವಾಗ ಅದು ಮುಗಿಯುವಲ್ಲಿ ಟೂಲನ್ನು ಥಟ್ಟನೆ ಹಿಂದಕ್ಕೆ ಎಳೆಯಲಾಗದೆ ಎರಡು ಶಾಫ್ಟ್ ಕೆಡಿಸಿದ್ದ. ಇನ್ನೊಂದು ಕೆಟ್ಟರೆ ಲೇತ್ ಬಿಡಬೇಕೆಂದು ಮಾಲೀಕರು ಹೇಳಿದ್ದರು. ಅದಕ್ಕೇ ಲಾರಿಯ ಹಳೆ ಕಮಾನು ಪಟ್ಟಿಯ ತುಂಡಿನಿಂದ ತಾನೇ ಒಂದು ಹೋಲ್ಡರ್ ಮಾಡಿಕೊಂಡಿದ್ದ. ಹಿಡಿಕೆ ಒತ್ತಿದರೆ ಪಟ್ಟಿ ಸ್ಪ್ರಿಂಗಿನಂತೆ ಚಿಮ್ಮಿ ಟೂಲ್ ತಾನಾಗಿ ಹಿಂದೆ ಸರಿಯುತ್ತಿತ್ತು.

“ಏನಣ್ಣಾ, ಇಲಿಬೋನು ಮಾಡೀಯೇನು?” ಎಂದು ಪಕ್ಕದ ವೆಲ್ಡರ್ ನಕ್ಕ.

“ಹೂನ್ಲೇ, ನಿನ್ನ ಬೆರಳ ಇಡು, ನೋಡೂಣು,” ಎಂದ ಅಪ್ಪ.

ಆ ಹೋಲ್ಡರಿನಿಂದ ಕೊರೆದ ಶಾಫ್ಟಿನ ಹೊಸ ಥ್ರೆಡ್ ಮೇಲೆ ಉಗುರಾಡಿಸಿ ಅಪ್ಪ ನನ್ನ ಕಡೆ ತಿರುಗಿದ. “ಚೊಲೊ ಬಂದಂಗದ ಯವ್ವಾ. ಇದರ ನಟ್ಟು ಮಾನ್ವಿಯೊಳಗ ಇದನ್ನ ಹಾಕೂ ಪಂಪಿನ ಕಡೀನ ಅದ. ನಾಳಿ ಹೋಗಿ ಹಾಕಿ ನೋಡ್ತೀನಿ.”

ಮರುದಿನ ಮಾನ್ವಿ ರಸ್ತೆಯಲ್ಲಿ ಅವನಿದ್ದ ಬಸ್ಸು ಉರುಳಿತು. ಸಂಜೆ ಅಪ್ಪನ ದೇಹವನ್ನು ಮನೆಗೆ ತಂದರು. ಅವನು ಒಯ್ದಿದ್ದ ಶಾಫ್ಟ್ ಸಿಗಲಿಲ್ಲ. ಆ ನಟ್ಟು ಅದಕ್ಕೆ ಕೂರುತ್ತಿತ್ತೋ ಇಲ್ಲವೋ, ಇಂದಿಗೂ ನನಗೆ ಗೊತ್ತಿಲ್ಲ.