ಹೆಪ್ಪು

ಬಟ್ಟಲು ಹಿಡಿದು ಪಕ್ಕದ ಮನೆಯ ಸಲೋಮಿ ಟೀಚರರ ಬಾಗಿಲಲ್ಲಿ ನಿಂತ ಚಂದ್ರಮತಿಗೆ ಬಾಯಿ ಬಿಡಲೇ ನಾಚಿಕೆಯಾಯಿತು. ಎಂಟು ಗ್ರಹಗಳು ಒಂದೇ ರಾಶಿಯಲ್ಲಿ ಕೂಡಿ ನಿನ್ನೆಗೆ ಪ್ರಳಯವೆಂದು ಮದರಾಸೆಲ್ಲ ಗುಲ್ಲಾಗಿತ್ತು. ಅವಳೂ ಮನೆಯ ಮೊಸರನ್ನೆಲ್ಲ ಅಭಿಷೇಕಕ್ಕೆ ಕೊಟ್ಟು, ಮುಳುಗುವ ಲೋಕಕ್ಕೆ ಇನ್ನೇಕೆಂದು ಹಾಲಿಗೆ ಹೆಪ್ಪೇ ಹಾಕಿರಲಿಲ್ಲ. ವಠಾರದ ಉಳಿದ ಮನೆಗಳದ್ದೂ ಅದೇ ಕಥೆ. ಬೆಳಗಾದರೆ ಸೂರ್ಯ ಎಂದಿನಂತೆ ಬಂದಿದ್ದ. ಪ್ಯಾರೀಸ್ ಕಾರ್ನರಿನ ಹೋಟೆಲಿಗೆ ಅಡುಗೆ ಕೆಲಸಕ್ಕೆ ಹೊರಟ ಗಂಡ ರಾತ್ರಿಯ ಊಟಕ್ಕೆ ಮೊಸರನ್ನ ಬೇಕೆಂದಿದ್ದ.

"ಟೀಚರ್ರೇ, ಹೆಪ್ಪಿಗೆ ಒಂದು ಚಮಚ ಮೊಸರುಂಟಾ?"

"ಉಂಟು ಮಾರಾಯ್ತಿ, ಪಾತ್ರೆ ತುಂಬ ಉಂಟು."

"ಲೋಕಕ್ಕೆ ಅಂತ್ಯ ಉಂಟು ಅಂತ ದಿನಾ ಹೇಳುವವರು ನೀವು. ನೀವೊಬ್ಬರೇ ಹೆಪ್ಪು ಹಾಕಿದ್ದಾ?"

ಟೀಚರ್ ನಕ್ಕರು. "ಯೇಸುಸ್ವಾಮಿ ಬಂದು ರಾಜ್ಯ ಆಳ್ತಾರೆ ಅಂತ ನಲ್ವತ್ತು ವರ್ಷದಿಂದ ಕಾಯ್ತಾ ಇದ್ದೇನೆ. ಯಾವ ದಿನ ಅಂತ ಯಾರಿಗೆ ಗೊತ್ತು? ಬಿಸಿಲಲ್ಲಿ ಬಂದವರಿಗೆ ಒಂದು ಲೋಟ ಮಜ್ಜಿಗೆಯಾದರೂ ಕೊಡಬೇಡವಾ?"

ಆರು ವರ್ಷ ಪಕ್ಕದಲ್ಲೇ ಇದ್ದರೂ ಚಂದ್ರಮತಿ ಆ ಕ್ರೈಸ್ತರ ಮನೆಯಲ್ಲಿ ಒಂದು ತೊಟ್ಟು ನೀರು ಕುಡಿದವಳಲ್ಲ. ಅದು ಗೊತ್ತಿದ್ದ ಟೀಚರ್ ಪಾತ್ರೆಯನ್ನು ಹೊಸ್ತಿಲ ಮೇಲಿಟ್ಟು, ಅವಳೇ ತೆಗೆದುಕೊಳ್ಳಲೆಂದು ಹಿಂದೆ ಸರಿದರು. ಚಂದ್ರಮತಿ ಗಟ್ಟಿ ಮೊಸರನ್ನೇ ನೋಡಿದಳು. ಗಂಡ, ಮಕ್ಕಳು, ಬೀದಿ, ಬಿಸಿಲು ಎಲ್ಲವೂ ಇದ್ದಲ್ಲೇ ಇದ್ದವು. ಅವಳ ಕಣ್ಣು ತುಂಬಿ ಬಂತು. ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಹೊಸ್ತಿಲು ದಾಟಿ ಒಳಗೆ ಬಂದು ಕೂತಳು.

"ಹೆಪ್ಪು ಆಮೇಲೆ ಟೀಚರ್ರೇ. ನಿಮ್ಮ ಯೇಸುಸ್ವಾಮಿಗೆ ಅಂತ ಇಟ್ಟ ಮಜ್ಜಿಗೆಯಲ್ಲಿ ನನಗೊಂದು ಲೋಟ ಕೊಡಿ."